ತಕ್ಕಡಿಗೆ ಕೇಳಿಸದ ಕಂಚು

ಮೈಸೂರಿನ ಉದಯಗಿರಿಯ ಒಂದು ಗುಜರಿ ಅಂಗಡಿಗೆ ಒಂದೇ ದಿನ ಎರಡು ಸಾಮಾನು ಬಂದವೆಂದು ಇಟ್ಟುಕೊಳ್ಳೋಣ. ಒಂದು, ಅಂಚು ಸೀಳಿತೆಂದು ಯಾವುದೋ ಆರ್ಕೆಸ್ಟ್ರಾದವರು ಕೈಬಿಟ್ಟ ಡ್ರಮ್ ಸೆಟ್ಟಿನ ಸಿಂಬಲ್. ಇನ್ನೊಂದು, ಜೊತೆ ಕಳೆದುಕೊಂಡ ಕಂಸಾಳೆಯ ಬಟ್ಟಲು. ಅಂಗಡಿಯವರು ಎರಡನ್ನೂ ತಕ್ಕಡಿಗೆ ಹಾಕಿ ಕಿಲೋ ಲೆಕ್ಕದಲ್ಲಿ ದುಡ್ಡು ಎಣಿಸಿ ಕೊಡುತ್ತಾರೆ. ಅವರದ್ದು ಲೋಹದ ವ್ಯಾಪಾರ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಸಿಂಬಲ್ ಇಂಥ ಕಾರ್ಖಾನೆಯದ್ದು, ಇಂಥ ಕಾಲದ್ದು ಎಂದು ಗುರುತಾದರೆ, ಅಂಚು ಸೀಳಿದ್ದರೂ ಅದಕ್ಕೆ ಲೋಹದ ಬೆಲೆಯ ಹಲವು ಪಟ್ಟು ಕೊಡುವ ಜನ ಜಗತ್ತಿನ ನಾನಾ ಊರುಗಳಲ್ಲಿದ್ದಾರೆ. ಅದರ ತೂಕವನ್ನು ಗ್ರಾಮಿನಲ್ಲಿ ಬರೆದಿಟ್ಟು, ಮುದ್ರೆಯನ್ನು ಭೂತಗನ್ನಡಿಯಲ್ಲಿ ನೋಡಿ, ಬಾರಿಸಿ ಕೇಳಿ, ಇದು ಯಾವ ದಶಕದ್ದು ಎಂದು ಅವರು ಗಂಟೆಗಟ್ಟಲೆ ಚರ್ಚಿಸುತ್ತಾರೆ. ಕಂಸಾಳೆಯ ಬಟ್ಟಲಿಗೆ ಅಂಥ ಕಾಳಜಿಯ ಜನ ಇನ್ನೂ ಹುಟ್ಟಿಲ್ಲ. ತಯಾರಿಕೆ ನಿಂತುಹೋದ ಸಿಂಬಲ್‌ಗಳನ್ನು ಹುಡುಕಿ ಕೂಡಿಡುವುದನ್ನು ಶ್ರೀಮಂತರ ಶೋಕಿ ಎಂದು ತಳ್ಳಿಹಾಕುವುದು ಸುಲಭ. ಬೇರೆ ಯಾವ ದಾರಿಯಲ್ಲೂ ಉಳಿಯದ ಒಂದು ತಿಳಿವಳಿಕೆ ಅದರಿಂದಾಗಿ ಉಳಿದಿದೆ ಎಂಬುದು ನನ್ನ ವಾದ. ಮೈಸೂರು ಸೀಮೆಯ ಕಂಚಿನ ವಾದ್ಯಗಳಿಗೂ ಅದೇ ಶಿಸ್ತು ಬೇಕಾಗಿದೆ, ಅದೂ ತಡಮಾಡದೆ.

ಇದು ಅರ್ಥವಾಗಬೇಕಾದರೆ ಮೊದಲು ಲೋಹದ ಸ್ವಭಾವ ತಿಳಿಯಬೇಕು. ತಾಮ್ರಕ್ಕೆ ತವರ ಬೆರೆತರೆ ಕಂಚು. ತವರ ನೂರಕ್ಕೆ ಎಂಟು ಹತ್ತರಷ್ಟಿದ್ದರೆ ಕಂಚನ್ನು ತಣ್ಣಗಿರುವಾಗಲೇ ಬಡಿದು ತಗಡು ಮಾಡಬಹುದು. ಇಪ್ಪತ್ತನ್ನು ಮುಟ್ಟಿದಾಗ ನಾದ ತೆರೆದುಕೊಳ್ಳುತ್ತದೆ, ಆದರೆ ಲೋಹ ಪೆಡಸಾಗಿ ಸುತ್ತಿಗೆಯ ಏಟಿಗೆ ಒಡೆದುಹೋಗುತ್ತದೆ. ಹಳೆಯ ಕಂಚುಗಾರರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಬಿಲ್ಲೆಯನ್ನು ಸುಮಾರು 600ರಿಂದ 750 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಂಪಗೆ ಕಾಯಿಸಿ, ಆ ಕಾವಿನಲ್ಲೇ ಬಡಿದು, ಕಾವು ಇಳಿಯುವ ಮೊದಲೇ ನೀರಿಗೆ ಅದ್ದುವುದು. ಉಕ್ಕನ್ನು ಹೀಗೆ ಅದ್ದಿದರೆ ಗಡಸಾಗುತ್ತದೆ. ಈ ಕಂಚು ಅದಕ್ಕೆ ತದ್ವಿರುದ್ಧವಾಗಿ ಪೆಡಸುತನ ಬಿಟ್ಟು ಪೆಟ್ಟು ತಾಳುವಂತಾಗುತ್ತದೆ. ಕಾವಿನಲ್ಲಿ ಹುಟ್ಟುವ ಒಂದು ಬಗೆಯ ಹರಳು ರಚನೆ ನೀರಿನ ತಂಪಿಗೆ ಸಿಕ್ಕಿ ಹಾಗೆಯೇ ನಿಂತುಬಿಡುವುದು ಇದಕ್ಕೆ ಕಾರಣ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ದಕ್ಷಿಣ ಭಾರತದ ಇಂಥ ಕಂಚಿನ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ನೀಲಗಿರಿಯ ಮತ್ತು ಆದಿಚನಲ್ಲೂರಿನ ಪುರಾತನ ಸಮಾಧಿಗಳಲ್ಲಿ ಸಿಕ್ಕ ಪಾತ್ರೆಗಳಲ್ಲೂ, ಕೇರಳದ ಕಸುಬುದಾರರು ನಮ್ಮ ಕಾಲದವರೆಗೂ ಮಾಡುತ್ತ ಬಂದ ಪಾತ್ರೆಗಳಲ್ಲೂ ನೂರಕ್ಕೆ 22-23ರಷ್ಟು ತವರವಿದ್ದು, ಕಾಯಿಸಿ ಬಡಿದು ಅದ್ದಿದ ಗುರುತುಗಳಿರುವುದನ್ನು ಅವರು ತೋರಿಸಿಕೊಟ್ಟರು. ತುರ್ಕಿಯ ಹೆಸರಾಂತ ಸಿಂಬಲ್‌ಗಳಲ್ಲಿ ತಾಮ್ರ 80, ತವರ 20. ಅಂದರೆ ಇಸ್ತಾಂಬುಲ್ಲಿನ ಕುಲುಮೆಯೂ ದಕ್ಷಿಣ ಭಾರತದ ಕುಲುಮೆಯೂ ಒಂದೇ ಕಷ್ಟವನ್ನು ಎದುರಿಸಿ, ಹೆಚ್ಚುಕಡಿಮೆ ಒಂದೇ ಪರಿಹಾರ ಕಂಡುಕೊಂಡವು.

ಆ ಇಸ್ತಾಂಬುಲ್ಲಿನ ಕಥೆ ಸಂಗ್ರಾಹಕರ ಮಟ್ಟಿಗೆ ಪುರಾಣದಷ್ಟೇ ದೊಡ್ಡದು. ಅರ್ಮೇನಿಯನ್ ಕುಶಲಕರ್ಮಿ ಅವೆದಿಸ್ ಜಿಲ್ಜಿಯನ್ ಅಲ್ಲಿ ಕಾರ್ಖಾನೆ ಕಟ್ಟಿದ್ದು 1623ರಲ್ಲಿ. ಆಟೊಮನ್ ಸುಲ್ತಾನರ ಸೈನ್ಯದ ಮೆಹ್ತರ್ ವಾದ್ಯಮೇಳಕ್ಕೆ ಬೇಕಾದ ಬಿಲ್ಲೆಗಳು ಆ ಕುಟುಂಬದಲ್ಲಿ ತಯಾರಾದವು. ತುರ್ಕಿ ಮೇಳದ ಅಬ್ಬರ ಯುರೋಪಿನ ಸೇನಾ ಬ್ಯಾಂಡುಗಳಿಗೆ ಇಳಿಯಿತು, ಬ್ರಿಟಿಷರ ಬ್ಯಾಂಡುಗಳ ಜೊತೆ ಭಾರತಕ್ಕೂ ಬಂತು. ಮೈಸೂರು ಅರಮನೆಯಲ್ಲಿ ಕರ್ನಾಟಕ ಬ್ಯಾಂಡಿನ ಪಕ್ಕದಲ್ಲಿ ಇಂಗ್ಲಿಷ್ ಬ್ಯಾಂಡ್ ನಿಂತದ್ದು, ದಸರೆಯಲ್ಲಿ ಈಗ ಪೊಲೀಸ್ ಬ್ಯಾಂಡ್ ನುಡಿಸುವುದು ಇದೇ ಪರಂಪರೆಯ ಮುಂದುವರಿಕೆ. 1929ರಲ್ಲಿ ಕುಟುಂಬದ ಒಂದು ಕವಲು ಅಮೆರಿಕದ ಮಸಾಚುಸೆಟ್ಸ್‌ನಲ್ಲಿ ಕಾರ್ಖಾನೆ ತೆರೆಯಿತು. ಇನ್ನೊಂದು ಕವಲು ಇಸ್ತಾಂಬುಲ್ಲಿನಲ್ಲೇ ಉಳಿದು ‘ಕೆ’ ಮುದ್ರೆಯ ಸಿಂಬಲ್‌ಗಳನ್ನು ಕೈಸುತ್ತಿಗೆಯಲ್ಲಿ ಬಡಿಯುತ್ತ ಹೋಯಿತು. ಅಮೆರಿಕದಲ್ಲಿ ಇವುಗಳ ಮಾರಾಟಗಾರರು ಗ್ರೆಚ್ ಕಂಪನಿಯವರು. ಬ್ರೂಕ್ಲಿನ್ನಿನ ಅವರ ದಾಸ್ತಾನಿಗೆ ಜಾಝ್ ಡ್ರಮ್ಮರ್‌ಗಳು ಹೋಗಿ ಒಂದೊಂದನ್ನೇ ಬಾರಿಸಿ ಆರಿಸಿಕೊಳ್ಳುತ್ತಿದ್ದರು. ಮ್ಯಾಕ್ಸ್ ರೋಚ್, ಎಲ್ವಿನ್ ಜೋನ್ಸ್, ಟೋನಿ ವಿಲಿಯಮ್ಸ್ ಅವರ ಕೈಯಲ್ಲಿ ಈ ‘ಹಳೆ ಕೆ’ಗಳು ಜಾಝ್ ತಾಳದ ಬೆನ್ನೆಲುಬಾದವು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಇಸ್ತಾಂಬುಲ್ಲಿನ ಆ ಕಾರ್ಖಾನೆ ಮುಚ್ಚಿತು. ಅಲ್ಲಿ ಹುಡುಗರಾಗಿದ್ದಾಗಿನಿಂದ ದುಡಿದ ಅಗೋಪ್ ಮತ್ತು ಮೆಹ್ಮೆತ್ ಎಂಬ ಇಬ್ಬರು ಕುಶಲಿಗರು ಎಂಬತ್ತರ ದಶಕದ ಆರಂಭದಲ್ಲಿ ಸ್ವಂತ ಕುಲುಮೆ ಹೂಡದೆ ಹೋಗಿದ್ದರೆ ಆ ಕೈಚಳಕ ಅಲ್ಲಿಗೇ ನಿಲ್ಲುತ್ತಿತ್ತು. ಹೀಗೆ ಮುಚ್ಚಿಹೋದದ್ದು ‘ಕೆ’ ಒಂದೇ ಅಲ್ಲ. ಎಸ್ಟೋನಿಯಾ ಮೂಲದ, ಸ್ವಿಟ್ಜರ್ಲೆಂಡಿನಲ್ಲಿ ನೆಲೆನಿಂತ ಪೈಸ್ಟಿ ಕಂಪನಿ 1959ರಲ್ಲಿ ತಂದ ‘ಫಾರ್ಮುಲಾ 602’ ಕೂಡ ಒಂದು ಹಂತದಲ್ಲಿ ನಿಂತಿತು. 2011ರಲ್ಲಿ ಕಂಪನಿಯೇ ಅದನ್ನು ಮತ್ತೆ ತಂದಿತು. ಇಷ್ಟು ವರ್ಷ ಹಳೆಯ ಬಿಲ್ಲೆಗಳನ್ನು ಹುಡುಕಿ ಇಟ್ಟುಕೊಂಡವರ ಬೇಡಿಕೆ ಇಲ್ಲದಿದ್ದರೆ ಆ ಹೆಸರು ಮರಳುತ್ತಿತ್ತು ಎಂದು ನನಗನ್ನಿಸುವುದಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ಲೋಹದ ಪಾಕ ಗೊತ್ತು, ಕಾವು ಗೊತ್ತು, ಯಂತ್ರಗಳಿವೆ. ಹಳೆಯದಕ್ಕೆ ಯಾಕೆ ಜೋತುಬೀಳಬೇಕು, ಹೊಸದನ್ನು ಮಾಡಿಕೊಂಡರಾಯಿತು ಎನ್ನುತ್ತಾರೆ. ಹಳೆಯದು ಚೆನ್ನ ಎನ್ನುವುದು ಬರೀ ಹಳಹಳಿಕೆ ಎಂದೂ ಸೇರಿಸುತ್ತಾರೆ. ಈ ಆಕ್ಷೇಪದ ಅರ್ಧ ನಿಜ. ವಯಸ್ಸಾದಂತೆ ಕಂಚು ತಾನಾಗಿ ಮಧುರವಾಗುತ್ತದೆ ಎಂಬ ನಂಬಿಕೆಗೆ ಗಟ್ಟಿ ಆಧಾರವಿಲ್ಲ. ಇಸ್ತಾಂಬುಲ್ಲಿನಿಂದ ಬಂದ ಕೆಲವು ಬಿಲ್ಲೆಗಳು ಅಸಾಧಾರಣವಾಗಿದ್ದವು, ಅನೇಕವು ಸಾಧಾರಣವಾಗಿದ್ದವು. ಡ್ರಮ್ಮರ್‌ಗಳು ರಾಶಿಯಿಂದ ಆರಿಸುತ್ತಿದ್ದರು ಎಂಬುದೇ ಇದಕ್ಕೆ ಸಾಕ್ಷಿ. ಒಳ್ಳೆಯವು ಕೈಯಿಂದ ಕೈಗೆ ಹೋಗಿ ಉಳಿದವು, ಕೆಟ್ಟವು ಒಡೆದು ಕರಗಿಹೋದವು. ಹಾಗಾಗಿ ಇಂದು ಸಿಗುವ ಹಳೆಯವುಗಳಲ್ಲಿ ಒಳ್ಳೆಯವೇ ಹೆಚ್ಚು ಕಾಣುತ್ತವೆ. ಇಷ್ಟನ್ನು ಒಪ್ಪಿಕೊಳ್ಳಬೇಕು. ಆದರೆ ಪಾಕ ಗೊತ್ತಿದ್ದ ಮಾತ್ರಕ್ಕೆ ಬಿಲ್ಲೆ ಮರಳಿ ಬರುವುದಿಲ್ಲ ಎಂಬ ಇನ್ನರ್ಧ ಅಲ್ಲಿಯೇ ಇದೆ. ಒಂದೇ ಮೂಸೆಯ ಕಂಚಿನಿಂದ ಮಾಡಿದ ಎರಡು ಬಿಲ್ಲೆಗಳು ಬೇರೆ ಬೇರೆಯಾಗಿ ನುಡಿಯುತ್ತವೆ. ನಡುವಿನ ಗುಬ್ಬಿಯ ಎತ್ತರ, ಅಂಚಿನತ್ತ ದಪ್ಪ ಇಳಿಯುವ ರೀತಿ, ಬೆನ್ನಿನ ಬಾಗು, ಸುತ್ತಿಗೆಯ ಏಟು ಎಷ್ಟು ಆಳ, ಎಷ್ಟು ದೂರ, ಯಾವ ಸುತ್ತಿನಲ್ಲಿ ಬಿತ್ತು, ಆಮೇಲೆ ಚರಕಿಯಲ್ಲಿ ಎಷ್ಟು ಹೆರೆದರು, ಇವೆಲ್ಲ ಸೇರಿ ಲೋಹದೊಳಗೆ ಬಿಗಿತಗಳ ಒಂದು ವಿನ್ಯಾಸ ಮೂಡಿಸುತ್ತವೆ. ಈ ವಿವರಗಳನ್ನು ಬಹುಪಾಲು ಕುಶಲಿಗರು ಬರೆದಿಡಲಿಲ್ಲ; ಬರೆದಿದ್ದು ತಗಡಿನ ಮೇಲೆ, ಸುತ್ತಿಗೆಯಿಂದ. ಹಳೆಯ ಬಿಲ್ಲೆಯನ್ನು ಕರಗಿಸಿದರೆ ತಾಮ್ರವೂ ತವರವೂ ಉಳಿಯುತ್ತವೆ, ಆ ಬರಹ ಹೋಗುತ್ತದೆ. ಇಂದು ‘ಹಳೆ ಕೆ’ಯ ಮಾದರಿಯಲ್ಲಿ ಹೊಸ ಸಿಂಬಲ್ ಬಡಿಯುವ ಕುಶಲಿಗರು ಎದುರಿಗಿಟ್ಟುಕೊಂಡು ನೋಡುವುದು, ಬಾರಿಸಿ ಕೇಳುವುದು ಸಂಗ್ರಾಹಕರು ಉಳಿಸಿದ ಹಳೆಯ ಬಿಲ್ಲೆಗಳನ್ನೇ. ಹೊಸದನ್ನು ಮಾಡಿಕೊಳ್ಳಬೇಕೆಂದರೂ ಹಳೆಯದು ಇರಬೇಕು.

ಧ್ವನಿಮುದ್ರಣ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಎಲ್ಲ ವಾದ್ಯಗಳ ಪೈಕಿ ಧ್ವನಿಮುದ್ರಣಕ್ಕೆ ಅತ್ಯಂತ ಕಷ್ಟ ಕೊಡುವುದು ಕಂಚಿನ ಬಿಲ್ಲೆ. ಮೃದಂಗದ ನಾದದಲ್ಲಿ ಸ್ವರಗಳ ಕ್ರಮಬದ್ಧ ಸಂಬಂಧವಿದೆಯೆಂದು ಸಿ. ವಿ. ರಾಮನ್ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದರು. ನಡುವಿನ ಕರಣೆಯೇ ಅದಕ್ಕೆ ಕಾರಣ. ಸಿಂಬಲ್ಲಿನಲ್ಲಿ ಅಂಥ ಕ್ರಮವಿಲ್ಲ. ಜೋರಾಗಿ ಬಾರಿಸಿದಾಗ ಶಕ್ತಿ ಮೊದಲು ಕೆಳಗಿನ ಕಂಪನಗಳಲ್ಲಿ ಕಾಣಿಸಿ, ಕ್ಷಣದೊಳಗೆ ಮೇಲಿನ ಕಂಪನಗಳಿಗೆ ಏರಿ ಹರಡುತ್ತದೆ. ಏಟು ಬಿದ್ದ ಮೇಲೆ ನಾದ ‘ಅರಳಿದಂತೆ’ ಕೇಳುವುದು ಇದರಿಂದ. ಒಂದೇ ಕೋಲಿನಿಂದ ಒಂದೇ ಜಾಗಕ್ಕೆ ಬಿದ್ದ ಎರಡು ಏಟುಗಳೂ ಪೂರ್ತಿ ಒಂದೇ ಆಗಿರುವುದಿಲ್ಲ. ವಿದ್ಯುತ್ ಮೈಕ್ರೊಫೋನಿನ ಮುದ್ರಣ ಬರುವ ಮೊದಲು, ಅಂದರೆ 1925ರ ಹಿಂದೆ, ಕೊಳವೆಯೊಳಗೆ ಹಾಡಿಸಿ ಮುದ್ರಿಸುತ್ತಿದ್ದ ಕಾಲದಲ್ಲಿ ಸುಮಾರು 3,000 ಹರ್ಟ್ಸ್‌ಗಿಂತ ಮೇಲಿನ ಧ್ವನಿ ತಟ್ಟೆಗೆ ಇಳಿಯುತ್ತಲೇ ಇರಲಿಲ್ಲವೆನ್ನಬಹುದು. 1902ರಲ್ಲಿ ಭಾರತದ ಮೊದಲ ಗ್ರಾಮಫೋನ್ ತಟ್ಟೆಗಳಿಗೆ ಹಾಡಿದ, ಕೊನೆಗಾಲವನ್ನು ಮೈಸೂರಿನಲ್ಲಿ ಕಳೆದು 1930ರಲ್ಲಿ ಇಲ್ಲೇ ತೀರಿಕೊಂಡ ಗೌಹರ್ ಜಾನ್ ಅವರ ಕಂಠವನ್ನು ನಾವು ಇಂದಿಗೂ ಗುರುತು ಹಿಡಿಯಬಹುದು. ಅದೇ ಕಾಲದ ತಾಳ ಜಾಗಟೆಗಳ ನಿಜವಾದ ಹೊಳಪು ಯಾವ ತಟ್ಟೆಯಲ್ಲೂ ಇಲ್ಲ. ಇಂದಿನ ಮೊಬೈಲಿನಲ್ಲಿ ಕೇಳುವ ಕುಗ್ಗಿಸಿದ ಕಡತಗಳಲ್ಲೂ ಮೊದಲು ಮಸುಕಾಗುವುದು ಸಿಂಬಲ್ಲೇ. ಹಾಡಿನ ಮಟ್ಟಿಗೆ ಮುದ್ರಣವೇ ದಾಖಲೆಯಾಗಬಹುದು. ಕಂಚಿನ ಮಟ್ಟಿಗೆ ದಾಖಲೆ ಆ ಕಂಚೇ.

ಈಗ ನಮ್ಮ ಸೀಮೆಗೆ ಬರೋಣ. ಮಲೆ ಮಹದೇಶ್ವರನ ಒಕ್ಕಲಾದ ದೇವರಗುಡ್ಡರು ಗುರುವಿನಿಂದ ದೀಕ್ಷೆ ಪಡೆದು ಹಿಡಿಯುವ ಕಂಸಾಳೆ ಎರಡು ಕಂಚಿನ ತುಂಡುಗಳ ಜೋಡಿ. ಎಡಗೈಯಲ್ಲಿ ಕುಳಿಯಿರುವ ಬಟ್ಟಲು, ಬಲಗೈಯಲ್ಲಿ ನಡುವೆ ದಾರ ಪೋಣಿಸಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಮಹದೇಶ್ವರನ ಕಾವ್ಯವನ್ನು ರಾತ್ರಿಯಿಡೀ ಹಾಡುವಾಗ ಕುಳಿತು ನುಡಿಸುವುದು ಒಂದು ಬಗೆ. ಗೊಂಡೆ ಹಿಡಿದು ತಾಳವನ್ನು ತಲೆಯ ಮೇಲೆ, ಬೆನ್ನ ಹಿಂದೆ ಬೀಸಿ ಬಟ್ಟಲಿಗೆ ಬಡಿಯುವ ಬೀಸು ಕಂಸಾಳೆ ಇನ್ನೊಂದು ಬಗೆ. ಅಂಗೈಯೊಳಗೆ ಕುಳಿತ ಬಟ್ಟಲನ್ನು ಬೆರಳು ಬಿಗಿದರೆ ನಾದ ಕಡಿಯುತ್ತದೆ, ಸಡಿಲಿಸಿದರೆ ಹರಿಯುತ್ತದೆ. ಡ್ರಮ್ ಸೆಟ್ಟಿನಲ್ಲಿ ಕಾಲಿನಿಂದ ತೆರೆದು ಮುಚ್ಚುವ ಹೈ-ಹ್ಯಾಟ್ ಮಾಡುವುದೂ ಇದನ್ನೇ. ಹೈ-ಹ್ಯಾಟಿನಲ್ಲಿ ಕೆಳಗಿನ ಬಿಲ್ಲೆ ಸಾಮಾನ್ಯವಾಗಿ ಮೇಲಿನದಕ್ಕಿಂತ ಭಾರ. ಸಂಗ್ರಾಹಕರು ಒಂದೇ ಕಾಲದ, ಒಟ್ಟಿಗೇ ಬಂದ ಜೋಡಿಗೆ ಹೆಚ್ಚು ಬೆಲೆ ಕೊಡುವುದು ಆ ಎರಡರ ನಡುವಿನ ಹೊಂದಿಕೆಗಾಗಿ. ಕಂಸಾಳೆಯ ಬಟ್ಟಲು ಒಂದು ಮನೆಗೂ ತಾಳ ಇನ್ನೊಂದು ಮನೆಗೂ ಪಾಲಾದರೆ ಉಳಿಯುವುದು ಅರ್ಧ ವಾದ್ಯವೂ ಅಲ್ಲ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಕಂಸಾಳೆಯ ಜೊತೆಗೆ ದಾಸಯ್ಯಗಳ ಜಾಗಟೆ, ನೀಲಗಾರರ ತಾಳ, ಭಜನೆ ಮಂಡಳಿಯ ತಾಳ, ಗುಡಿಯ ಗಂಟೆ ಎಲ್ಲವೂ ಕಂಚಿನ ನಾನಾ ನಾದಗಳು. ಕಾಸರಗೋಡಿನ ಕನ್ನಡಿಗರ ಯಕ್ಷಗಾನದಲ್ಲಿ ಚೆಂಡೆಯೊಡನೆ ಚಕ್ರತಾಳ ಇದೆ. ಲೋಹಗೆಲಸಕ್ಕೆ ಹೆಸರಾದ ನಾಗಮಂಗಲ, ಶ್ರವಣಬೆಳಗೊಳದಂಥ ಊರುಗಳು ಮೈಸೂರಿಗೆ ದೂರವೇನಲ್ಲ. ಇಷ್ಟೆಲ್ಲ ಇದ್ದೂ ನಮ್ಮ ಹಳೆಯ ಕಂಸಾಳೆಯೊಂದನ್ನು ಕೈಗೆ ಕೊಟ್ಟರೆ ಅದರಲ್ಲಿ ತವರ ಎಷ್ಟು, ಎರಕವೋ ಬಡಿದದ್ದೋ, ಯಾವ ಊರಿನ ಕುಲುಮೆಯದ್ದು ಎಂದು ಹೇಳಲು ಬೇಕಾದ ಹೋಲಿಕೆಯ ಸಾಮಗ್ರಿ ಒಂದೆಡೆ ಇಲ್ಲ. ಪೈಸ್ಟಿಯ ಬಿಲ್ಲೆಯಾದರೆ ಎಪ್ಪತ್ತರ ದಶಕದಿಂದೀಚೆಗೆ ಸರಣಿ ಸಂಖ್ಯೆಯ ಮೊದಲ ಅಂಕಿಗಳಿಂದಲೇ ವರ್ಷ ತಿಳಿಯುತ್ತದೆ. ಜಿಲ್ಜಿಯನ್ನದ್ದಾದರೆ ಮುದ್ರೆಯ ಅಕ್ಷರದ ಆಕಾರದಿಂದ ಕಾಲ ಅಂದಾಜಿಸಬಹುದು. ಮುದ್ರೆಯೇ ಇಲ್ಲದ ನಮ್ಮ ವಾದ್ಯಕ್ಕೆ ಗುರುತು ಸಿಗುವುದು ಅನೇಕ ಜೋಡಿಗಳನ್ನು ಅಕ್ಕಪಕ್ಕ ಇಟ್ಟು ತೂಗಿ, ಅಳೆದು, ಕೇಳಿದಾಗ ಮಾತ್ರ.

ಕೂಡಿಟ್ಟರೆ ವಾದ್ಯ ಸಾಯುತ್ತದೆ, ನುಡಿಸುವವರ ಕೈಯಲ್ಲಿದ್ದರೇ ಬದುಕು ಎಂಬ ಮಾತಿಗೆ ನಾನು ತುಂಬ ಬೆಲೆ ಕೊಡುತ್ತೇನೆ. ಗಾಜಿನ ಪೆಟ್ಟಿಗೆಯೊಳಗಿನ ಸಿಂಬಲ್ ಬರೀ ತಟ್ಟೆ. ಆದರೆ ಸಂಗ್ರಹವೆಂದರೆ ಬೀಗ ಹಾಕುವುದೇ ಆಗಬೇಕಿಲ್ಲ ಎಂಬುದಕ್ಕೆ ಮೈಸೂರಿನಲ್ಲೇ ದೊಡ್ಡ ನಿದರ್ಶನವಿದೆ. ಜಯಚಾಮರಾಜೇಂದ್ರ ಒಡೆಯರು ಪಾಶ್ಚಾತ್ಯ ಸಂಗೀತದ ತಟ್ಟೆಗಳ ದೊಡ್ಡ ಸಂಗ್ರಹ ಹೊಂದಿದ್ದರು. ತಾವು ಮೆಚ್ಚಿದ ರಷ್ಯನ್ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ತಟ್ಟೆಗಳೇ ಸಿಗುತ್ತಿಲ್ಲವೆಂದು ಕಂಡಾಗ ಅವರು ಸುಮ್ಮನಿರಲಿಲ್ಲ. 1940ರ ದಶಕದ ಕೊನೆಯಲ್ಲಿ ಹಣ ಒದಗಿಸಿ, ಲಂಡನ್ನಿನಲ್ಲಿ ಸ್ವತಃ ಮೆಟ್ನರ್ ನುಡಿಸಿದ ಮುದ್ರಣಗಳು ಎಚ್‌ಎಂವಿಯಿಂದ ಹೊರಬರುವಂತೆ ಮಾಡಿದರು. ಮೆಟ್ನರ್ 1951ರಲ್ಲಿ ತೀರಿಕೊಂಡರು. ಇನ್ನೂ ನಾಲ್ಕೈದು ವರ್ಷ ತಡವಾಗಿದ್ದರೆ ಆ ಕೈಯ ನುಡಿಸಾಣಿಕೆ ಇಷ್ಟು ವಿಸ್ತಾರವಾಗಿ ನಮಗೆ ಸಿಗುತ್ತಿರಲಿಲ್ಲ. ಸಂಗ್ರಾಹಕನಿಗೆ ತನ್ನ ಕಪಾಟಿನಲ್ಲಿ ಏನಿಲ್ಲ ಎಂಬುದು ಗೊತ್ತಿರುತ್ತದೆ, ಆ ಅರಿವಿನಿಂದಲೇ ಹೊಸ ಕೆಲಸ ಹುಟ್ಟುತ್ತದೆ ಎಂದು ಇದರಿಂದ ನಾನು ಅರ್ಥ ಮಾಡಿಕೊಳ್ಳುತ್ತೇನೆ. ಸಂಸ್ಥೆಗಳೂ ನಮ್ಮಲ್ಲಿ ಇಲ್ಲದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಿಂದ ಇದೆ, ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿ. ಬೆಂಗಳೂರಿನಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಸಂಗ್ರಹಾಲಯದ ನಾದವನದಲ್ಲಿ ಬಂದವರು ತಾವೇ ಬಾರಿಸಿ ಕೇಳುವ ವಾದ್ಯಗಳಿವೆ. ಒಂದು ಕಡೆಯ ವಸ್ತು, ಇನ್ನೊಂದು ಕಡೆಯ ಮುಟ್ಟುವ ಸ್ವಾತಂತ್ರ್ಯ, ಇವೆರಡೂ ಸೇರುವಂತೆ ಒಂದು ಕಂಚಿನ ಸಂಗ್ರಹ ರೂಪಿಸುವುದು ಕೈಗೆಟುಕದ ಕೆಲಸವೇನಲ್ಲ.

ಇದಕ್ಕಿಂತ ಗಂಭೀರ ಆಕ್ಷೇಪ ಇನ್ನೊಂದಿದೆ. ಸಿಂಬಲ್ ಮಾರಾಟದ ಸರಕು, ಕಂಸಾಳೆ ದೀಕ್ಷೆಯ ವಸ್ತು. ಅದಕ್ಕೆ ಸಂಗ್ರಹದ ಬೆಲೆ ಹುಟ್ಟಿಸಿದರೆ ಬಡ ಕಲಾವಿದರ ಮನೆಯಿಂದ ಅದು ಹೊರಟುಹೋಗುತ್ತದೆ, ಗುಡಿಯ ಜಾಗಟೆಗೆ ಕಳ್ಳರು ಹುಟ್ಟಿಕೊಳ್ಳುತ್ತಾರೆ. ಈ ಭಯ ಸುಳ್ಳಲ್ಲ. ದೇವಾಲಯಗಳ ಲೋಹಮೂರ್ತಿಗಳಿಗೆ ಆದ ಗತಿ ಎಲ್ಲರಿಗೂ ಗೊತ್ತು. ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವುದನ್ನು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆ ತಡೆಯುತ್ತದೆ, ಆದರೆ ಅರವತ್ತು ವರ್ಷದ ಕಂಸಾಳೆಗೆ ಆ ರಕ್ಷಣೆಯಿಲ್ಲ. ಹಾಗಾಗಿ ಪಶ್ಚಿಮದ ಸಂಗ್ರಾಹಕರಿಂದ ನಾವು ಕಲಿಯಬೇಕಾದದ್ದು ಅವರ ಮಾರುಕಟ್ಟೆಯನ್ನಲ್ಲ, ಅವರ ದಾಖಲಾತಿಯನ್ನು. ನುಡಿಸುವವರಿರುವ ಮನೆಯ ಜೋಡಿ ಆ ಮನೆಯಲ್ಲೇ ಇರಲಿ. ಅದರ ತೂಕ, ವ್ಯಾಸ, ಚಿತ್ರ, ನಾದ, ಯಾರಿಂದ ಬಂತೆಂಬ ಮಾತು, ಇವು ದಾಖಲಾದರೆ ಸಾಕು. ವಸ್ತುವನ್ನೇ ತರಬೇಕಾದ್ದು ನುಡಿಸುವವರು ಮುಗಿದು, ಮನೆಯವರು ಪಾತ್ರೆ ಅಂಗಡಿಯಲ್ಲಿ ಬದಲಿ ಕೊಡಲು ಹೊರಟಾಗ ಮಾತ್ರ. ಹಾಗೆ ಸವಿವರ ದಾಖಲೆಯಿರುವ ವಸ್ತುವನ್ನು ಕದ್ದು ಮಾರುವುದೂ ಕಷ್ಟ, ಏಕೆಂದರೆ ಸುತ್ತಿಗೆಯ ಗುರುತುಗಳ ಚಿತ್ರ ಬೆರಳಚ್ಚಿನಂತೆ ಅದನ್ನು ಪತ್ತೆ ಹಚ್ಚಿಕೊಡುತ್ತದೆ. ಬಡ ಕಲಾವಿದರಿಗೆ ಬೇಕಾದ್ದು ಹೊಸ ವಾದ್ಯ ಮತ್ತು ಗೌರವಧನ, ಹಳೆ ಕಂಚಿನ ಪಟ್ಟಿಯಲ್ಲ ಎಂದರೆ, ಮೊದಲಿನ ಎರಡು ಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಹೊಸ ವಾದ್ಯ ಮಾಡಿಸಿಕೊಡುವಾಗ ಯಾವ ಮಾದರಿಯಲ್ಲಿ ಮಾಡಿಸುವುದು? ಅಗ್ಗದ ಹಿತ್ತಾಳೆಯಲ್ಲಿ, ಅಂದರೆ ತವರದ ಬದಲು ಸತು ಬೆರೆಸಿದ ಲೋಹದಲ್ಲಿ ಎರೆದುಕೊಟ್ಟರೆ, ಕಣ್ಣಿಗೆ ಅದು ಕಂಸಾಳೆಯೇ. ಬೀಸಿ ಬಡಿದಾಗ ಮಾತ್ರ ಮೊಂಡು ಸದ್ದು. ಒಳ್ಳೆಯ ಹಳೆಯ ಜೋಡಿಯೊಂದು ಎದುರಿಗಿದ್ದರೆ ಕಂಚುಗಾರರಿಗೆ ಅದನ್ನು ತೋರಿಸಿ, ಇಂಥದ್ದು ಬೇಕು ಎಂದು ಕೇಳಬಹುದು.

ದಾಖಲಿಸುವ ಕ್ರಮ ಕಷ್ಟದ್ದಲ್ಲ, ಎಚ್ಚರದ್ದು. ಹಳೆಯ ಕಂಚನ್ನು ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಮಾಡಬಾರದು. ಮೇಲ್ಮೈಯ ಬಣ್ಣದ ಜೊತೆಗೆ ಸಣ್ಣ ಗೀರು, ಮುದ್ರೆ, ಚರಕಿಯ ಗೆರೆಗಳೂ ಸವೆಯುತ್ತವೆ. ಸಿಂಬಲ್ ಸಂಗ್ರಾಹಕರು ಪಾಲಿಶ್ ಮಾಡಿದ ಬಿಲ್ಲೆಗೆ ಕಡಿಮೆ ಬೆಲೆ ಕಟ್ಟುವುದು ಇದೇ ಕಾರಣಕ್ಕೆ. ಬೆಸುಗೆ ಹಾಕುವುದಂತೂ ಬೇಡವೇ ಬೇಡ, ಆ ಕಾವಿಗೆ ಸುತ್ತಲಿನ ಕಂಚು ಮತ್ತೆ ಪೆಡಸಾಗುತ್ತದೆ. ತವರದ ಪ್ರಮಾಣವನ್ನು ಚೂರೂ ಕತ್ತರಿಸದೆ ಎಕ್ಸ್-ಕಿರಣದ ಕೈಯಂತ್ರದಿಂದ ಅಳೆಯಬಹುದು. ಹಳೆಯ ಕಂಚಿನ ಮೇಲ್ಮೈಯಲ್ಲಿ ಕಿಲುಬಿನಿಂದಾಗಿ ತವರ ನಿಜಕ್ಕಿಂತ ಹೆಚ್ಚು ಕಾಣಬಹುದಾದ್ದರಿಂದ ಹಲವು ಕಡೆ ಅಳೆದು ನೋಡಬೇಕು. ನಾದವನ್ನು ಮುದ್ರಿಸುವಾಗ ಮೆಲ್ಲನೆಯ, ನಡುವಿನ, ಜೋರಿನ ಏಟುಗಳನ್ನು ಬೇರೆ ಬೇರೆಯಾಗಿ, ಕುಗ್ಗಿಸದ ಕಡತದಲ್ಲಿ, ಕೊನೆಯ ಗುಂಗು ಅಡಗುವವರೆಗೂ ಬಿಟ್ಟು ಮುದ್ರಿಸಬೇಕು. ಕಂಸಾಳೆಯಾದರೆ ಅದನ್ನು ನುಡಿಸಬೇಕಾದವರು ಬೀಸುವುದನ್ನು ಬಲ್ಲವರೇ. ಪ್ರಯೋಗಾಲಯದ ಕೋಲಿನ ಏಟು ಅಲ್ಲಿ ಏನನ್ನೂ ಹೇಳುವುದಿಲ್ಲ. ಇದೇ ಕ್ರಮ ಬ್ಯಾಂಡುಗಳ ಸಿಂಬಲ್‌ಗಳಿಗೂ ಸಲ್ಲಬೇಕು. ಸರ್ಕಾರಿ ಕಚೇರಿಗಳಲ್ಲಿ ನಿರುಪಯುಕ್ತವೆಂದು ಬರೆದ ಸಾಮಾನು ಹರಾಜಿಗೆ ಹೋಗುವುದು ವಾಡಿಕೆ. ಪೊಲೀಸ್ ಬ್ಯಾಂಡಿನಲ್ಲಾಗಲಿ, ಹಳೆಯ ಶಾಲಾ ಕಾಲೇಜುಗಳ ಬ್ಯಾಂಡ್ ಕೋಣೆಯಲ್ಲಾಗಲಿ ಅಂಚು ಸೀಳಿದ ಬಿಲ್ಲೆ ಸಿಕ್ಕರೆ ಅದನ್ನು ಗುಜರಿಯ ಪಟ್ಟಿಗೆ ಸೇರಿಸುವ ಮೊದಲು ಗುಬ್ಬಿಯ ಪಕ್ಕದ ಮುದ್ರೆಯನ್ನು ಒಮ್ಮೆ ಓದಬೇಕು, ಜಾನಪದ ವಸ್ತುಸಂಗ್ರಹಾಲಯಕ್ಕೋ ವಿಶ್ವವಿದ್ಯಾನಿಲಯದ ಸಂಗೀತ ವಿಭಾಗಕ್ಕೋ ಒಂದು ಪತ್ರ ಬರೆಯಬೇಕು. ಉದಯಗಿರಿಯ ಗುಜರಿ ಅಂಗಡಿಯವರನ್ನೂ ಈ ಕೆಲಸದ ಹೊರಗಿಡಬಾರದು. ಬಡಿದು ಕೇಳಿ ಹಿತ್ತಾಳೆ ಕಂಚನ್ನು ಬೇರ್ಪಡಿಸುವ ಕಿವಿ ಆ ಕಸುಬಿನವರಿಗೆ ಇರುತ್ತದೆ. ನಾದವುಳ್ಳ ಕಂಚು ಬಂದಾಗ ಲೋಹದ ದರಕ್ಕಿಂತ ನಾಲ್ಕು ಕಾಸು ಹೆಚ್ಚು ಕೊಟ್ಟು ಒಯ್ಯುವ ಒಂದು ಸಂಸ್ಥೆ ಊರಿನಲ್ಲಿದೆ ಎಂದು ಗೊತ್ತಾದರೆ, ಅದನ್ನು ಮೂಸೆಗೆ ಕಳಿಸದೆ ಬದಿಗೆ ಎತ್ತಿಡಲು ಅವರಿಗೊಂದು ಕಾರಣ ಸಿಗುತ್ತದೆ.